ಎರಡನೆಯ ಒಬ್ಬೆಯ ಚೀನೀ ಕಡುಬು

ಬುಧವಾರ ಬೆಳಿಗ್ಗೆ ಶಾರದವ್ವ ಗುರುಶಾಂತವ್ವನ ಮನೆಗೆ ಹಿತ್ತಿಲ ಬಾಗಿಲಿನಿಂದ ಬಂದಳು. ಮುಂಬಾಗಿಲಿಗೆ ಬರಲು ಅವಳಿಗೆ ಮುಖವಿರಲಿಲ್ಲ. ಬೀದಿಯಲ್ಲಿ ಆಗಲೇ ಜನ ಅವಳ ಗಂಡನ ಖಾನಾವಳಿಯ ಹೆಸರು ಹಿಡಿದು ಮಾತಾಡತೊಡಗಿದ್ದರು. ಗುರುಶಾಂತವ್ವ ಕಟ್ಟೆಯ ಮೇಲೆ ಕೂತು ಬಸಳೆ ಸೋಸುತ್ತಿದ್ದರು. ನಾನು ಪಕ್ಕದಲ್ಲೇ ನನ್ನ ಕಿರಿಯವಳಿಗೆ ತಲೆ ಬಾಚುತ್ತಿದ್ದೆ.

“ಅಜ್ಜನ್ನ ಶುಕ್ರವಾರ ಕಳಸ್ತಾರಂತ್ರೀ,” ಎಂದಳು ಶಾರದವ್ವ. “ಎಲ್ಲೋ ಉತ್ತರದಾಗ ಶಿಬಿರ ಐತಂತ. ಅಲ್ಲಿಗೆ ಹೋದ ಚೀನಾದವ್ರು ಯಾವಾಗ ತಿರುಗಿ ಬರ್ತಾರೋ ಯಾರಿಗೂ ಗೊತ್ತಿಲ್ಲಂತ. ನೀವು ಏನರ ಮಾಡ್ರಿ ಅವ್ವಾರ.”

ಗುರುಶಾಂತವ್ವ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟರು. ಅವರು ಶಿರಸಿಯ ದವಾಖಾನೆಯಲ್ಲಿ ಹೆರಿಗೆಯ ನರ್ಸಮ್ಮನಾಗಿದ್ದು ನಿವೃತ್ತರಾದವರು. ಊರಿನ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ಶಾರದವ್ವನ ಗಂಡ ಕಲ್ಲಯ್ಯನೂ. ಯಾರ ಮನೆಯಲ್ಲಿ ಏನು ಕಳೆದರೂ, ಯಾರ ಮೇಲೆ ಸುಳ್ಳು ಅಪವಾದ ಬಂದರೂ ಜನ ಅವರ ಹತ್ತಿರ ಬರುತ್ತಿದ್ದರು. ಮದುವೆ ಮನೆಯಲ್ಲಿ ಮಾಯವಾದ ಮೂಗುತಿಯನ್ನು ಬರೀ ಊಟದ ಪಂಕ್ತಿ ನೋಡಿ ಹುಡುಕಿಕೊಟ್ಟ ಮೇಲಂತೂ ಪೋಲೀಸರೂ ಅವರ ಮಾತಿಗೆ ಕಿವಿಗೊಡುತ್ತಿದ್ದರು. ನಮ್ಮಿಬ್ಬರ ಮನೆಗೆ ಹಿತ್ತಿಲು ಒಂದೇ. ಅವರು ಹೊರಟಲ್ಲಿಗೆ ನಾನೂ ಹೋಗುವುದು ರೂಢಿಯಾಗಿಬಿಟ್ಟಿತ್ತು. ನನ್ನ ಅತ್ತೆ ಮೊದಲು ಮುಖ ಊದಿಸುತ್ತಿದ್ದರು, ಆಮೇಲೆ ಅವರೇ ಬಾಗಿಲಲ್ಲಿ ಕಾದಿದ್ದು “ಎಂತ ಆತೇ ಸೀತಾ?” ಎಂದು ಕೇಳತೊಡಗಿದರು.

ಶಾರದವ್ವ ಅಜ್ಜ ಎಂದದ್ದು ಲಿಯಂಗ್ ಮೇಸ್ತ್ರಿಯನ್ನು. ಕಲ್ಕತ್ತೆಯಲ್ಲಿ ಹುಟ್ಟಿ ಬೆಳೆದ ಬಡಗಿ. ಯಲ್ಲಾಪುರದ ಮರ ಕೊಯ್ಯುವ ಮಿಲ್ಲಿಗೆ ಹರೆಯದಲ್ಲೇ ಬಂದು, ಗರಗಸದ ಸದ್ದಿನಲ್ಲಿ ಕಿವಿ ಕಳೆದುಕೊಂಡಿದ್ದ. ಎಡಕಿವಿ ಪೂರ್ತಿ ಹೋಗಿತ್ತು. ಬಲಕಿವಿಗೆ ಬಾಯಿ ಹಚ್ಚಿ ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು. ಹೆಂಡತಿ ಮಕ್ಕಳಿರಲಿಲ್ಲ. ಚೀನಾದ ಯುದ್ಧ ಶುರುವಾದಾಗ ಮಿಲ್ಲಿನವರು ಬರಬೇಡ ಎಂದರು. ಆಗ ಶಿರಸಿಗೆ ಕರೆತಂದು ಹಿಂದಿನ ಕೋಣೆ ಕೊಟ್ಟವನು ಕಲ್ಲಯ್ಯ. ಅವನ ಖಾನಾವಳಿಯ ಮೇಜು, ಬೆಂಚು ಎಲ್ಲ ಮೇಸ್ತ್ರಿಯ ಕೈಕೆಲಸವೇ ಆಗಿತ್ತು. ಮುದುಕ ಅವನನ್ನು ಮಗಾ ಎಂದೇ ಕರೆಯುತ್ತಿದ್ದ.

ಸುಮ್ಮನೆ ಕೂತು ಉಣ್ಣಲು ಮನಸ್ಸಾಗದೆ ಮೇಸ್ತ್ರಿ ಒಂದು ದಿನ ಬಿದಿರು ಸೀಳಿ ಪುಟ್ಟ ಬುಟ್ಟಿಗಳನ್ನು ಹೆಣೆದ. ಅದರಲ್ಲಿ ತನ್ನ ತಾಯಿ ಮಾಡುತ್ತಿದ್ದ ದಿಮ್‌ಸಮ್ ಎಂಬ ತಿಂಡಿಯನ್ನು ಆವಿಯಲ್ಲಿ ಬೇಯಿಸಿದ. ಲಿಂಗವಂತರ ಖಾನಾವಳಿಯಾದ್ದರಿಂದ ಒಳಗೆ ಮಾಂಸವಿಲ್ಲ. ಎಳೆಬಿದಿರಿನ ಕಳಲೆ, ಅಣಬೆ, ಎಲೆಕೋಸು, ಕಾಳುಮೆಣಸು. ಹೊರಗಿನ ಹೊದಿಕೆ ಎಷ್ಟು ತೆಳುವೆಂದರೆ ಒಳಗಿನ ಹೂರಣ ನೆರಳಿನಂತೆ ಕಾಣುತ್ತಿತ್ತಂತೆ. ಕಲ್ಲಯ್ಯ ಅದಕ್ಕೆ ಚೀನೀ ಕಡುಬು ಎಂದು ಹೆಸರಿಟ್ಟ. ಫಲಕದಲ್ಲಿ ಮಾತ್ರ ‘ಆವಿ ಕಡುಬು’ ಎಂದು ಬರೆಸಿದ, ಕಾಲ ಹಾಗಿತ್ತು. ಮಂಗಳವಾರದ ಸಂತೆಗೆ ಸಿದ್ದಾಪುರ, ಯಲ್ಲಾಪುರದಿಂದ ಬಂದವರು ಅದಕ್ಕಾಗಿಯೇ ಕಾಯುವಂತಾಯಿತು.

ಆ ಮಂಗಳವಾರ ಮಧ್ಯಾಹ್ನದ ಮೇಲೆ ಕಡುಬು ತಿಂದವರಿಗೆ ತಲೆ ಸುತ್ತಿ ವಾಂತಿಯಾಗಿತ್ತು. ಸಿದ್ದಾಪುರ ಬಸ್ಸಿನ ಡ್ರೈವರ್ ಬಸಪ್ಪ ದಾರಿಯ ನಡುವೆ ಕಣ್ಣು ಮಂಜಾಗಿ ಬಸ್ಸು ನಿಲ್ಲಿಸಿದ್ದ. ಇನ್ನಷ್ಟು ಮುಂದೆ ಹೋಗಿದ್ದರೆ ಕಣಿವೆ. ಅವನಿಗಿನ್ನೂ ದವಾಖಾನೆಯಲ್ಲಿ ಪ್ರಜ್ಞೆ ಸರಿಯಾಗಿ ಬಂದಿರಲಿಲ್ಲ. ನೆನೆಸದ ಕಳಲೆಯ ವಿಷ ಎಂದು ಡಾಕ್ಟರು ಹೇಳಿದ್ದರು. ಹಸಿ ಕಳಲೆಯನ್ನು ಹೆಚ್ಚಿ ಮೂರು ದಿನ ನೀರು ಬದಲಿಸುತ್ತ ನೆನೆಸದೆ ನಮ್ಮ ಕಡೆ ಯಾರೂ ಒಲೆಗಿಡುವುದಿಲ್ಲ. ಆ ನೀರನ್ನು ದನಗಳ ಬಾಯಿಗೆ ಸಿಗದ ಹಾಗೆ ಚೆಲ್ಲುತ್ತೇವೆ.

“ಅಜ್ಜಗ ನಮ್ಮ ಕಡೀ ಪದ್ಧತಿ ಗೊತ್ತಿಲ್ಲ, ವಯಸ್ಸಾಗ್ಯದ, ತಪ್ಪಾಗ್ಯದ, ಜೈಲಿಗೆ ಹಾಕಬ್ಯಾಡ್ರಿ ಅಂತ ನಮ್ಮವ್ರು ಫೌಜದಾರ್ರ ಕಾಲಿಗೆ ಬಿದ್ರು,” ಎಂದು ಶಾರದವ್ವ ಕಣ್ಣೊರೆಸಿಕೊಂಡಳು. ಪೋಲೀಸ್ ಫೌಜದಾರ ದ್ಯಾಮಪ್ಪ ಹೊಸಬ. ಜೈಲು ಬೇಡವಾದರೆ ಶಿಬಿರ, ಶುಕ್ರವಾರದ ಹುಬ್ಬಳ್ಳಿ ಬಸ್ಸಿಗೆ ಹತ್ತಿಸುತ್ತೇನೆ ಎಂದಿದ್ದನಂತೆ.

ಗುರುಶಾಂತವ್ವ ಅವಳನ್ನು ಕೂರಿಸಿ ಮೆಲ್ಲಗೆ ಒಂದೊಂದೇ ಕೇಳಿದರು. ಶಾರದವ್ವನ ಮನೆ ಖಾನಾವಳಿಯ ಎದುರಿಗೆ, ರಸ್ತೆಯಾಚೆ. ಮಂಗಳವಾರ ಅವಳು ಖಾನಾವಳಿಗೆ ಹೋದದ್ದು ಸಂಜೆಗೆ ಸ್ವಲ್ಪ ಮುಂಚೆ, ಮಗಳು ಜಯಾಳನ್ನು ಎತ್ತಿಕೊಂಡು. ಮಗು ತಟ್ಟೆಯಿಂದ ಒಂದು ಕಡುಬು ಎತ್ತಿಕೊಂಡಿತ್ತು. ಕಲ್ಲಯ್ಯ ಓಡಿಬಂದು ಕಿತ್ತುಕೊಂಡ.

“ಗಿರಾಕಿಗೇ ಸಾಲಂಗಿಲ್ಲ, ನಿನಗೆಲ್ಲಿಂದ ತರ್ಲಿ ಅಂದ್ರು. ಅಷ್ಟು ಗದ್ದಲ ಇತ್ತು ಅವತ್ತ. ದೇವರು ದೊಡ್ಡಾವ, ಕೂಸು ಉಳೀತು.”

“ಆಮ್ಯಾಲ ಎಲ್ಲಾ ಖಾಲಿ ಆತೇನು?” ಎಂದು ಗುರುಶಾಂತವ್ವ ಕೇಳಿದರು.

ಅದು ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಬಸಪ್ಪನ ಸುದ್ದಿ ಬಂದು ಪೋಲೀಸರು ಅಡುಗೆಮನೆಯಲ್ಲಿ ಏನನ್ನೂ ಮುಟ್ಟಬಾರದೆಂದು ಹೇಳಿ ಬಾಗಿಲು ಹಾಕಿಸಿದ್ದರು.

ಊಟದ ಹೊತ್ತಿಗೆ ಮಕ್ಕಳಿಗೆ ಬಡಿಸಿ ನಾನು ಗುರುಶಾಂತವ್ವನ ಜೊತೆ ಹೊರಟೆ. ಫೌಜದಾರ ದ್ಯಾಮಪ್ಪ ಖಾನಾವಳಿಯ ಬೀಗ ತೆಗೆಸಿಕೊಟ್ಟ. ಅವನ ಹೆಂಡತಿಗೆ ಆಗ ದಿನ ತುಂಬುತ್ತ ಬಂದಿತ್ತು; ಗುರುಶಾಂತವ್ವನಿಗೆ ಇಲ್ಲ ಎನ್ನುವ ಧೈರ್ಯ ಅವನಿಗಿರಲಿಲ್ಲ. ಆದರೆ ಚೀನಾದವನ ಪರವಾಗಿ ಮಾತಾಡುವುದಕ್ಕೆ ಇದರಲ್ಲಿ ಏನೂ ಉಳಿದಿಲ್ಲ ಎಂದು ಹೇಳಿಯೇ ಒಳಗೆ ಬಿಟ್ಟ.

ಕಲ್ಲಯ್ಯ ಮುಖ ಬಾಡಿಸಿಕೊಂಡು ನಮ್ಮ ಜೊತೆ ಬಂದ. ಮೇಸ್ತ್ರಿ ಹಿತ್ತಿಲ ಜಗಲಿಯಲ್ಲಿ ಕಾನ್ಸ್ಟೇಬಲ್ಲನ ಪಕ್ಕ ಕೂತಿದ್ದ. ಕೈ ಸುಮ್ಮನಿರಲಾರದೆ ಒಂದು ಮುರಿದ ಸ್ಟೂಲಿನ ಕಾಲಿಗೆ ಬೆಣೆ ಕೆತ್ತುತ್ತಿದ್ದ. ಗುರುಶಾಂತವ್ವ ಏನೋ ಕೇಳಿದರು, ಅವನಿಗೆ ಕೇಳಲಿಲ್ಲ. ಕಲ್ಲಯ್ಯ ಬಾಗಿ ಬಲಕಿವಿಗೆ ಕೂಗಿದ ಮೇಲೆ ನಕ್ಕು ತಲೆಯಾಡಿಸಿದ. ಇಡೀ ಊರಿನ ಮಾತು ಅವನಿಗೆ ಕಲ್ಲಯ್ಯನ ಬಾಯಿಂದಲೇ ತಲುಪುತ್ತಿತ್ತು.

ಮೇಸ್ತ್ರಿ ನಮ್ಮನ್ನು ಕರೆದುಕೊಂಡು ಹೋಗಿ ಹಿತ್ತಿಲಲ್ಲಿದ್ದ ಮೂರು ಮಣ್ಣಿನ ಹರವಿಗಳನ್ನು ತೋರಿಸಿದ. ಒಂದರಲ್ಲಿ ಮೊದಲ ದಿನದ ಕಳಲೆ, ಇನ್ನೊಂದರಲ್ಲಿ ಎರಡನೆಯ ದಿನದ್ದು, ಕೊನೆಯದರಲ್ಲಿ ಮೂರನೆಯ ದಿನದ್ದು. ದಿನವೂ ಮೂರನೆಯ ಹರವಿಯದು ಮಾತ್ರ ಒಲೆಗೆ ಹೋಗುತ್ತದೆ ಎಂದು ಬೆರಳು ಮಡಚಿ ಹೇಳಿದ. ಆಮೇಲೆ ಹೂರಣ ಕಲಸಿ ಅಂಗೈಯಿಂದ ನೆಕ್ಕುವ ಅಭಿನಯ ಮಾಡಿದ.

ಕಲ್ಲಯ್ಯ ನೊಂದ ದನಿಯಲ್ಲಿ, ಅದೊಂದು ಚಟ ಬಿಡಿಸಲಾಗಲಿಲ್ಲ, ಲಿಂಗಕ್ಕೆ ನೈವೇದ್ಯ ತೋರಿಸುವ ಮೊದಲೇ ರುಚಿ ನೋಡಬೇಡ ಎಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ ಎಂದ.

ಗುರುಶಾಂತವ್ವ ಬಗ್ಗಿ ಹರವಿಗಳಲ್ಲಿ ಕೈಯಾಡಿಸಿದರು. ಮೂರನೆಯದು ಬರಿದಾಗಿತ್ತು, ಅದು ಸರಿ. ಎರಡನೆಯದು ತುಂಬಿತ್ತು. ಸೋಮವಾರ ಸಂಜೆ ಹೊಸದಾಗಿ ಹೆಚ್ಚಿ ಹಾಕಿದ್ದ ಮೊದಲನೆಯ ಹರವಿ ಮಾತ್ರ ಅರ್ಧಕ್ಕಿಂತ ಕೆಳಗಿತ್ತು. ಮೇಸ್ತ್ರಿ ಅದನ್ನು ಆಗಷ್ಟೇ ನೋಡಿದವನಂತೆ ಹುಬ್ಬು ಗಂಟಿಕ್ಕಿದ.

ಅಡುಗೆಮನೆಯಲ್ಲಿ ಬಿದಿರಿನ ಬುಟ್ಟಿಗಳು ಹಾಗೇ ಇದ್ದವು. ಎರಡು ಬುಟ್ಟಿಗಳಲ್ಲಿ ಮಾರಾಟವಾಗದೆ ಉಳಿದ ಕಡುಬುಗಳಿದ್ದವು, ತುಂಬಾ ಇದ್ದವು. ಒಲೆಯ ಮೇಲಿನ ಹಂಡೆಯಲ್ಲಿ ತಳದಷ್ಟೇ ನೀರು. ಗುರುಶಾಂತವ್ವ ಹಂಡೆಯನ್ನು ಓರೆ ಮಾಡಿದಾಗ ಒಳಗೆ ಏನೋ ಗಡಗಡ ಉರುಳಿತು. ಕೈ ಹಾಕಿ ತೆಗೆದರು: ಗೋಲಿಗಿಂತ ದೊಡ್ಡದಾದ, ನುಣ್ಣಗಿನ ಕೆಂಪು ಕಲ್ಲು; ನಡುವೆ ಒಂದು ಬಿಳಿ ಗೆರೆ.

ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಮ್ಮ ಮನೆಯ ಕಡುಬಿನ ಪಾತ್ರೆಯಲ್ಲೂ ಒಂದು ಕಲ್ಲು ಇದೆ. ನೀರು ಕುದಿಯುವಾಗ ಅದು ಸದ್ದು ಮಾಡುತ್ತಿರುತ್ತದೆ; ಸದ್ದು ನಿಂತರೆ ನೀರು ಬತ್ತಿತು ಎಂದು ತಿಳಿದು ನಾವು ಬೇರೆ ಕೆಲಸ ಬಿಟ್ಟು ಓಡುತ್ತೇವೆ. ಗುರುಶಾಂತವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಎರಡೂ ಬುಟ್ಟಿಯ ಉಳಿದ ಕಡುಬುಗಳನ್ನು ನನ್ನ ಕೈಗೆ ಕೊಟ್ಟು, ಮನೆಯಲ್ಲಿ ಮಕ್ಕಳಿಗೆ ಎಟುಕದ ಹಾಗೆ ಮೇಲಿಡು ಎಂದರು.

ಅಲ್ಲಿಂದ ನಾವು ಬಟ್ಟೆ ವ್ಯಾಪಾರಿ ವೀರಪ್ಪನವರ ಮನೆಗೆ ಹೋದೆವು. ವೀರಪ್ಪ ಹರೆಯದಲ್ಲಿ ಕಲ್ಕತ್ತೆಯ ಜವಳಿ ಪೇಟೆಯಲ್ಲಿ ಕೆಲಸಕ್ಕಿದ್ದವರು. ಅಲ್ಲಿಯ ಚೀನೀ ಓಣಿಯಲ್ಲಿ ಕದ್ದು ತಿಂದ ದಿಮ್‌ಸಮ್ಮಿನ ರುಚಿ ಮತ್ತೆಲ್ಲೂ ಸಿಗದೆ, ಹುಬ್ಬಳ್ಳಿಯಲ್ಲಿ ಹುಡುಕಿ, ಬೆಳಗಾವಿಯಲ್ಲಿ ಹುಡುಕಿ, ಕೊನೆಗೆ ತಮ್ಮದೇ ಬೀದಿಯಲ್ಲಿ ಸಿಕ್ಕಿತೆಂದು ಹಿಗ್ಗಿದ್ದವರು. ಈಗ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಮೇಸ್ತ್ರಿಯ ಹೆಸರೆತ್ತಿದರೆ ಸಿಟ್ಟಾಗುತ್ತಾರೆಂದು ನಾನು ಹೆದರಿದ್ದೆ.

“ನಾ ಎರಡು ಸಲ ತಿಂದೇನ್ರಿ,” ಎಂದರು ವೀರಪ್ಪ. “ಮುಂಜಾನೆ ಒಮ್ಮೆ, ಚಹಾದ ಹೊತ್ತಿಗೆ ಒಮ್ಮೆ. ಮುಂಜಾನಿದು ಖರೇ ಕಲ್ಕತ್ತಾ. ಮಧ್ಯಾಹ್ನದ್ದು ನಮ್ಮವ್ವನ ಪಂಚಮಿ ಕಡುಬು. ಕಹಿ ಬ್ಯಾರೆ. ಮುದುಕನ ಕೈ ಯಾಕ ಕೆಟ್ಟಿತು ಅಂತ ಬೈಕೋತ ತಿಂದೆ. ಬಿಡಬೇಕಿತ್ತು. ನನ್ನ ನಾಲಗಿ ನನ್ನ ಮಾತು ಕೇಳೂದಿಲ್ಲ.”

“ತಿಂದವರೊಳಗ ಬ್ಯಾನಿ ಬಿದ್ದವರು ಯಾರು?”

ಚಹಾದ ಹೊತ್ತಿನವರು ಮಾತ್ರ ಎಂದರು ವೀರಪ್ಪ. ಬೆಳಿಗ್ಗೆ ತಿಂದ ಯಾರಿಗೂ ಏನೂ ಆಗಿರಲಿಲ್ಲ.

ಹೊರಗೆ ಬಂದಾಗ ಎದುರಿನ ಇನ್ನೊಂದು ಖಾನಾವಳಿಯ ಸಂಗಯ್ಯ ಬಾಗಿಲಲ್ಲಿ ನಿಂತು ಬೀಡಿ ಸೇದುತ್ತಿದ್ದ. ಚೀನಾದವನನ್ನು ಊರಲ್ಲಿಟ್ಟುಕೊಂಡವನಿಗೆ ನೀರು ಕೊಡಬೇಡಿ ಎಂದು ಸಂತೆಯಲ್ಲಿ ಕೂಗಾಡಿದವನು ಅವನೇ. ನನಗಂತೂ ಇವನ ಕೆಲಸವೇ ಇರಬೇಕು ಅನಿಸಿತು. ಗುರುಶಾಂತವ್ವ ನೇರವಾಗಿ ಹೋಗಿ ಕೇಳಿಯೇಬಿಟ್ಟರು. ಸಂಗಯ್ಯ ಬೀಡಿ ಬಿಸಾಕಿ, ತಾನು ಕಲ್ಲಯ್ಯನ ಖಾನಾವಳಿಯ ಮೆಟ್ಟಿಲು ಹತ್ತಿದರೆ ಅವನು ಕಾಲು ಮುರಿಯುತ್ತಾನೆ, ಅಡುಗೆಮನೆಗೆ ಹೇಗೆ ಹೋಗಲಿ ಎಂದ. ಆಮೇಲೆ ದನಿ ತಗ್ಗಿಸಿದ.

“ಹೊಸ ಅಡಿಕೆ ವಖಾರಿ ಕ್ಯಾಂಟೀನು ಯಾರಿಗಂತ ಕೇಳೀರೇನು? ಕಲ್ಲಯ್ಯಗ. ಚೀನಾದವ ಹೋದಮ್ಯಾಲ ಕೊಡ್ತೇವಿ ಅಂತ ವಖಾರಿ ಹಿರ್ಯಾರು ಮಾತು ಹಾಕ್ಯಾರ. ಈಗ ಹೊಂಟನಲ್ಲ, ಅವನ ನಸೀಬ. ನಾ ಕೂಗಾಡಿದ್ದಷ್ಟ ಬಂತು.”

ಗುರುಶಾಂತವ್ವ ಮನೆ ಸೇರುವವರೆಗೆ ಒಂದು ಮಾತೂ ಆಡಲಿಲ್ಲ. ಅವರು ಹಾಗೆ ಸುಮ್ಮನಾದರೆ ತಪ್ಪು ಮಾಡಿದವರು ಯಾರೋ ಹತ್ತಿರದವರು ಎಂದು ನನಗೆ ಗೊತ್ತಾಗುತ್ತದೆ.

ಗುರುವಾರ ಬೆಳಿಗ್ಗೆ ಹಾಲು ಕಾಯಿಸಿದ ಮೇಲೆ ಮೇಲಿಟ್ಟಿದ್ದ ಕಡುಬುಗಳನ್ನು ಇಳಿಸಿದೆ. ಎಲ್ಲ ಒಂದೇ ಎಂದುಕೊಂಡಿದ್ದೆ. ಈಗ ನೋಡಿದರೆ ಒಂದು ಬುಟ್ಟಿಯವು ಗಟ್ಟಿಯಾಗಿ ಚರ್ಮದಂತಾಗಿದ್ದವು, ಎಲ್ಲೂ ಸೀಳಿರಲಿಲ್ಲ. ಇನ್ನೊಂದು ಬುಟ್ಟಿಯವುಗಳ ಮೈಯೆಲ್ಲ ಬಿರುಕು. ಅತ್ತೆ ದೂರದಿಂದಲೇ ಬಗ್ಗಿ ನೋಡಿದರು.

“ಇದು ಅಕ್ಕಿಹಿಟ್ಟಿಂದೇ ಸೈ,” ಎಂದರು. “ತಣಿದ್ಮೇಲೆ ಒಡೀದೇ ಇರ್ತಿಲ್ಲೆ. ಆಚೆದು ಎಂತದ್ದೋ ಬೇರೆ.”

ಹಿತ್ತಿಲಿಗೆ ಓಡಿ ಗುರುಶಾಂತವ್ವನಿಗೆ ಹೇಳಿದೆ. ಅವರು ಬಂದು ಎರಡೂ ಬಗೆಯ ಕಡುಬುಗಳನ್ನು ಒತ್ತಿ ನೋಡಿದರು. ಆಮೇಲೆ ಫೌಜದಾರನಿಗೆ ಹೇಳಿಕಳಿಸಿದರು: ಮಧ್ಯಾಹ್ನ ಎಲ್ಲರೂ ಖಾನಾವಳಿಯಲ್ಲಿ ಸೇರಲಿ.

ಮಧ್ಯಾಹ್ನ ಬೆಂಚುಗಳ ಮೇಲೆ ಎಲ್ಲರೂ ಕೂತರು. ವೀರಪ್ಪನವರು ಮಗನ ಹೆಗಲು ಹಿಡಿದು ಬಂದಿದ್ದರು. ಸಂಗಯ್ಯ ಕಾಲು ಮುರಿಸಿಕೊಳ್ಳುವ ಭಯವಿಲ್ಲದೆ ಮೊದಲ ಸಲ ಒಳಗೆ ಬಂದು ಗೋಡೆಗೊರಗಿದ್ದ. ಶಾರದವ್ವ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮೇಸ್ತ್ರಿಯ ಪಕ್ಕ ಕೂತಿದ್ದಳು. ಕಲ್ಲಯ್ಯ ಎಲ್ಲರಿಗೂ ಚಹಾ ಕೊಟ್ಟ. ಗುರುಶಾಂತವ್ವ ಲೋಟ ಮುಟ್ಟಲಿಲ್ಲ.

ಮೊದಲು ಅವರು ಫೌಜದಾರನಿಗೆ ಒಂದು ಪ್ರಶ್ನೆ ಕೇಳಿದರು: ಮಂಗಳವಾರ ಮಧ್ಯಾಹ್ನ ಮೇಸ್ತ್ರಿ ಎಲ್ಲಿದ್ದ? ದ್ಯಾಮಪ್ಪ ಸ್ವಲ್ಪ ತಡವರಿಸಿದ. ಚೀನಾದವರು ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕಬೇಕು. ಅವತ್ತು ಊಟದ ಹೊತ್ತಿನಿಂದ ದೀಪ ಹಚ್ಚುವವರೆಗೆ ತಾನೇ ಅವನನ್ನು ಠಾಣೆಯ ಬೆಂಚಿನ ಮೇಲೆ ಕಾಯಿಸಿದ್ದೆ ಎಂದ. ಆದರೆ ಕಡುಬು ಎಲ್ಲ ಬೆಳಿಗ್ಗೆಯೇ ಕಟ್ಟಿಟ್ಟು ಹೋಗಿದ್ದನಲ್ಲ, ಕಲ್ಲಯ್ಯನೇ ಹೇಳಿದ್ದಾನೆ ಎಂದ.

“ಮುಂಜಾನಿ ಕಡುಬು ಮೇಸ್ತ್ರಿ ಮಾಡಿದ್ದು. ಅದನ್ನ ತಿಂದವರಿಗೆ ಏನೂ ಆಗಿಲ್ಲ,” ಎಂದರು ಗುರುಶಾಂತವ್ವ. “ಮಧ್ಯಾಹ್ನ ಎರಡನೇ ಸಲ ಬೇಯಿಸಿದ ಒಬ್ಬಿ ಬ್ಯಾರೆಯವರು ಮಾಡಿದ್ದು.”

ನನ್ನ ಕೈಲಿದ್ದ ಎರಡು ತಟ್ಟೆಗಳನ್ನು ಮೇಜಿನ ಮೇಲಿಡಲು ಹೇಳಿದರು. ಮೇಸ್ತ್ರಿ ಮೈದಾ ಹಿಟ್ಟನ್ನು ನೀರಿನಲ್ಲಿ ತೊಳೆದು, ಆ ನೀರನ್ನು ರಾತ್ರಿಯಿಡೀ ತಂಗಲು ಬಿಟ್ಟು, ತಳಕ್ಕೆ ಕೂತ ಬಿಳಿಯ ಗಸಿಯಿಂದ ಹೊದಿಕೆ ಮಾಡುತ್ತಾನೆ. ಅದು ತಣಿದರೆ ಬಿಗಿಯುತ್ತದೆ, ಒಡೆಯುವುದಿಲ್ಲ. ಇನ್ನೊಂದು ತಟ್ಟೆಯದು ಅಕ್ಕಿಹಿಟ್ಟಿನದು, ನಾವು ಹಬ್ಬಕ್ಕೆ ಮಾಡುವಂಥದ್ದು. ಒಬ್ಬನೇ ಮನುಷ್ಯ ಒಂದೇ ದಿನ ಎರಡು ಬಗೆಯ ಹೊದಿಕೆ ಮಾಡಬೇಕಾದ ಕಾರಣವಿಲ್ಲ. ವೀರಪ್ಪನವರ ನಾಲಗೆ ಅದನ್ನು ಆಗಲೇ ಹೇಳಿತ್ತು. ಮಡಿಕೆ ಹಾಕುವುದು, ಹೂರಣದ ಅಳತೆ ಎಲ್ಲ ಮೇಸ್ತ್ರಿಯದರಂತೆಯೇ ಇತ್ತು. ಅಂದರೆ ಮಾಡಿದವರು ಅವನ ಪಕ್ಕದಲ್ಲಿ ನಿಂತು ಕಲಿತವರು. ಹೊದಿಕೆಯ ಹಿಟ್ಟಿಗಾಗಿ ಕಾಯುವ ತಾಳ್ಮೆ ಮಾತ್ರ ಅವರಿಗಿರಲಿಲ್ಲ.

ನೆನೆಸುವುದು ಗೊತ್ತಿಲ್ಲದವನು ಮೂರು ಹರವಿ ಇಡುವುದಿಲ್ಲ. ಯಾರೋ ಬೇಕೆಂದೇ ಮೊದಲ ದಿನದ ಹರವಿಗೆ ಕೈ ಹಾಕಿದ್ದರು.

“ಮೇಸ್ತ್ರಿ ಕಲಸಿದ ಹೂರಣದಾಗ ಯಾಕ ಹಾಕಲಿಲ್ಲ? ಸಲೀಸಾಗ್ತಿತ್ತಲ್ಲ,” ಎಂದ ಸಂಗಯ್ಯ ಗೋಡೆಯ ಕಡೆಯಿಂದ.

“ಅವ ಅಂಗೈಲೆ ರುಚಿ ನೋಡ್ತಾನ. ಕಹಿ ತಿಳೀತಿತ್ತು. ಅದಕ್ಕ ಅವ ಠಾಣೇಕ್ಕ ಹೋಗೂತನಕ ಕಾದ್ರು. ಮಾಡಿದವರು ಮಾತ್ರ ರುಚಿ ನೋಡಲಿಲ್ಲ, ಅವರಲ್ಲಿ ಆ ಪದ್ಧತಿ ಇಲ್ಲ. ನಾಕು ಮಂದಿಗೆ ಹೊಟ್ಟಿ ಕೆಟ್ರ ಸಾಕು ಅಂದಕೊಂಡಿದ್ರು. ಎಷ್ಟು ಕಹಿ ಬಿದ್ದದ ಅನ್ನೂದು ನಾಲಗಿಗೆ ಹಚ್ಚಿದ್ರ ತಿಳೀತಿತ್ತು. ಬಸಪ್ಪ ಬಸ್ಸು ನಿಲ್ಲಿಸದಿದ್ರ ಅದರಾಗ ಇದ್ದವರೆಲ್ಲ ಹೋಗ್ತಿದ್ರು.”

ಮೇಸ್ತ್ರಿ ಎಲ್ಲರ ಮುಖ ನೋಡುತ್ತಿದ್ದ. ಅವನಿಗೆ ಒಂದು ಮಾತೂ ಕೇಳಿರಲಿಲ್ಲ. ರೂಢಿಯಂತೆ ಕಲ್ಲಯ್ಯನ ಕಡೆ ತಿರುಗಿ, ಏನು ಎಂದು ಕೈಯಲ್ಲೇ ಕೇಳಿದ. ಕಲ್ಲಯ್ಯ ಆ ಕಡೆ ನೋಡಲಿಲ್ಲ.

ಗುರುಶಾಂತವ್ವ ಸೆರಗಿನ ಗಂಟು ಬಿಚ್ಚಿ ಕಲ್ಲನ್ನು ತೆಗೆದರು. ಮಧ್ಯಾಹ್ನದ ಒಬ್ಬೆ ಬೇಯಿಸಿದ ಹಂಡೆಯಲ್ಲಿ ಇದು ಸಿಕ್ಕಿತು ಎಂದರು. ಕಿವಿ ಕೇಳದವನು ಸದ್ದು ಮಾಡುವ ಕಲ್ಲು ಹಾಕುವುದಿಲ್ಲ. ಮೇಸ್ತ್ರಿ ಹಂಡೆಯ ಪಕ್ಕವೇ ಕೂತು ಕಣ್ಣಿನಿಂದ ನೋಡಿಕೊಳ್ಳುತ್ತಾನೆ. ಈ ಕಲ್ಲು ಬೇಕಾದದ್ದು ಮುಂದೆ ಗಿರಾಕಿಗಳಿಗೆ ಬಡಿಸುತ್ತ, ಹಿಂದಿನ ಒಲೆಯ ಮೇಲೆ ಕಿವಿ ಇಟ್ಟಿದ್ದ ಮನುಷ್ಯನಿಗೆ.

ಆಮೇಲೆ ಅವರು ಶಾರದವ್ವನ ಹತ್ತಿರ ಹೋಗಿ ಅವಳ ಅಂಗೈಯಲ್ಲಿ ಕಲ್ಲನ್ನಿಟ್ಟರು. ಅಷ್ಟು ಮೆಲ್ಲಗೆ ಅವರು ಎಳೆಗೂಸನ್ನು ಇಡುವುದನ್ನು ಮಾತ್ರ ನಾನು ನೋಡಿದ್ದೆ.

“ಇದರ ಗುರುತು ಐತೇನವಾ?”

ಶಾರದವ್ವ ನೋಡಿದಳು. ಬಿಳಿಯ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದಳು.

“ನಂದು,” ಎಂದಳು. “ಬನವಾಸ್ಯಾಗ ವರದಾ ಹೊಳಿಯಿಂದ ನಮ್ಮವ್ವ ಆರಿಸಿ ಕೊಟ್ಟಿದ್ದು. ಮನ್ಯಾಗ ಕಡುಬಿನ ಪಾತ್ರ್ಯಾಗ ಇರ್ತದ.” ಗಂಡನ ಕಡೆ ತಿರುಗಿದಳು. “ಪಂಚಮಿಗೆ ಬೀಸಿಟ್ಟ ಹಿಟ್ಟೂ ಕಡಿಮಿ ಆಗಿತ್ತು. ಇಲಿ ಅಂದ್ರಿ ನೀವು.”

ಕಲ್ಲಯ್ಯ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

“ಕೂಸಿನ ಕೈಯಾಗಿನ ಕಡುಬು ಯಾಕ ಕಸಗೊಂಡ್ರಿ ಅಂತ ಈಗ ತಿಳೀತು,” ಎಂದಳು ಶಾರದವ್ವ. “ಸಾಲಂಗಿಲ್ಲ ಅಂದ್ರಿ. ಬುಟ್ಟಿ ತುಂಬ ಇದ್ದೂ.”

ಕಲ್ಲಯ್ಯ ಆಮೇಲೆ ತಡೆದು ತಡೆದು ಎಲ್ಲ ಹೇಳಿದ. ಕ್ಯಾಂಟೀನು ಕೊಡುವ ಅಡಿಕೆ ಗೋದಾಮಿನ ಹಿರಿಯರು ಚೀನಾದವನನ್ನು ಕಳಿಸಿ ಬಾ ಎಂದಿದ್ದರು. ವಾರಗಟ್ಟಲೆ ಅವನು ಮುದುಕನ ಮುಂದೆ ನಿಂತು ಹೋಗು ಎನ್ನಲು ಬಾಯಿ ತೆರೆದ, ಬರಲಿಲ್ಲ. ಸರಕಾರವೇ ಕಳಿಸಿದರೆ ತಾನು ಹೇಳುವುದು ತಪ್ಪುತ್ತದೆ ಅಂದುಕೊಂಡ. ಅಷ್ಟು ಹೊತ್ತಿಗೆ ಕಡುಬು ಮಾಡುವುದು ತನಗೂ ಬರುತ್ತದೆ ಎಂಬ ನಂಬಿಕೆ ಬಂದಿತ್ತು. ಫೌಜದಾರನ ಕಾಲಿಗೆ ಬಿದ್ದದ್ದು ನಾಟಕವಲ್ಲ, ಜೈಲಿಗೆ ಹಾಕಿಬಿಟ್ಟರೆ ಎಂಬ ಹೆದರಿಕೆ ನಿಜವಾಗಿಯೂ ಇತ್ತು ಎಂದ. ಅದನ್ನು ಅವನು ಎರಡು ಸಲ ಹೇಳಿದ. ಅದರಿಂದ ಏನೋ ಕಡಿಮೆಯಾಗುತ್ತದೆ ಎನ್ನುವವನ ಹಾಗೆ.

“ನಿನ್ನ ಹೊಕ್ಕಳಬಳ್ಳಿ ಕೊಯ್ದಾಕಿ ನಾನು,” ಎಂದರು ಗುರುಶಾಂತವ್ವ.

ಮೇಸ್ತ್ರಿ ಈಗ ಕಲ್ಲಯ್ಯನ ತೋಳು ಹಿಡಿದು ಜಗ್ಗುತ್ತಿದ್ದ. ಎಲ್ಲರೂ ಯಾಕೆ ಅಳುಮುಖ ಮಾಡಿದ್ದಾರೆ, ಬಸಪ್ಪ ಸತ್ತನೇ ಎಂದು ಕೇಳುತ್ತಿದ್ದ. ಫೌಜದಾರ ಅವನ ಕಿವಿಯ ಹತ್ತಿರ ಬಗ್ಗಿದ. ಗುರುಶಾಂತವ್ವ ಅವನನ್ನು ತಡೆದರು.

“ಬ್ಯಾಡ. ಇವನೇ ಹೇಳಲಿ.”

ಕಲ್ಲಯ್ಯ ಬಾಗಿದ. ಮೊದಲ ಸಲ ಪಿಸುಗುಟ್ಟಿದ. ಮುದುಕನಿಗೆ ಕೇಳಲಿಲ್ಲ, “ಜೋರು, ಮಗಾ, ಜೋರು” ಎಂದ. ಕಲ್ಲಯ್ಯ ಕಣ್ಣು ಮುಚ್ಚಿಕೊಂಡು ಬೀದಿಗೆ ಕೇಳುವ ಹಾಗೆ ಕೂಗಿದ: “ವಿಷ ಹಾಕಿದ್ದು ನಾನು, ಅಜ್ಜಾ. ನಿನ್ನ ಕಳಸಾಕ.”

ಮೇಸ್ತ್ರಿಯ ಕೈ ಅವನ ತೋಳಿನ ಮೇಲೆ ಹಾಗೇ ಇತ್ತು. ಅದನ್ನು ತೆಗೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಶಾರದವ್ವನ ತೊಡೆಯ ಮೇಲಿದ್ದ ಮಗುವನ್ನು ನೋಡಿದ.

“ಬೇಬಿ ತಿಂತಾ?”

ಕಲ್ಲಯ್ಯ ಇಲ್ಲವೆಂದು ತಲೆಯಾಡಿಸಿದ.

“ಅಚ್ಛಾ,” ಎಂದ ಮೇಸ್ತ್ರಿ. ಎದ್ದು ಹಿಂದಿನ ಕೋಣೆಗೆ ಹೋದ. ಉಳಿ, ಕೊಡತಿಗಳನ್ನು ಗೋಣಿಯಲ್ಲಿ ಸುತ್ತುವ ಸದ್ದು ನಮಗೆಲ್ಲ ಕೇಳುತ್ತಿತ್ತು.

ಫೌಜದಾರ ದ್ಯಾಮಪ್ಪ ಅವನ ಹಿಂದೆಯೇ ಹೋದ. ಶಿಬಿರದ ಮಾತು ಮುಗಿಯಿತು, ಕಾಗದ ಮೇಲಿನವರಿಗೆ ಹೋಗುವುದಿಲ್ಲ, ಶಿರಸಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು ಎಂದು ಕಿವಿಯಲ್ಲಿ ಕೂಗಿ ಕೂಗಿ ಹೇಳಿದ. ವೀರಪ್ಪನವರು ತಮ್ಮ ಅಂಗಡಿಯ ಹಿಂದಿನ ಕೋಣೆ ಕೊಡುತ್ತೇನೆಂದರು. ಸಂಗಯ್ಯನೂ ಏನೋ ಗೊಣಗಿದ. ಮೇಸ್ತ್ರಿ ಎಲ್ಲರಿಗೂ ತಲೆ ಬಾಗಿಸಿದ. ಹರೆಯದಿಂದ ದುಡಿದ ಯಲ್ಲಾಪುರಕ್ಕೇ ಹೋಗಲು ಅನುಮತಿ ಬೇಕು ಎಂದಷ್ಟೇ ಕೇಳಿದ.

“ಯಾರೂ ನಿಮ್ಮನ್ನ ಕಳಸೂದಿಲ್ಲ ಅಂತ ಹೇಳಾಕ್ಹತ್ತೇನಲ್ಲ,” ಎಂದ ದ್ಯಾಮಪ್ಪ.

“ಗೊತ್ತು,” ಎಂದ ಮುದುಕ. “ಈಗ ನಾನೇ ಹೋಗ್ತಾನೆ.”

ಶುಕ್ರವಾರ ಯಲ್ಲಾಪುರದ ಬಸ್ಸಿಗೆ ಅವನನ್ನು ಕಳಿಸಲು ನಾವು ಬಸ್ ನಿಲ್ದಾಣಕ್ಕೆ ಹೋದೆವು. ಬಸಪ್ಪನಿಗೆ ಪ್ರಜ್ಞೆ ಬಂದು ಗಂಜಿ ಕುಡಿದನೆಂಬ ಸುದ್ದಿ ಅಷ್ಟರಲ್ಲಿ ಸಿಕ್ಕಿತ್ತು. ಕಲ್ಲಯ್ಯನ ಮೇಲೆ ಕೇಸು ದಾಖಲಾಗಿತ್ತು. ಕರೆದಾಗ ಬರಬೇಕೆಂದು ಬಿಟ್ಟಿದ್ದರು. ಅವನೂ ಬಂದಿದ್ದ. ಯಾರೂ ಹೇಳದೆಯೇ ಗೋಣಿಯ ಗಂಟನ್ನು ಬಸ್ಸಿನ ಮೇಲೆ ಹಾಕಿ ಕಟ್ಟಿದ. ಮೇಸ್ತ್ರಿ ಕಿಟಕಿಯ ಪಕ್ಕ ಕೂತು ಜಯಾಳ ಕೆನ್ನೆ ಮುಟ್ಟಿದ. ಶಾರದವ್ವನ ತಲೆಯ ಮೇಲೆ ಕೈಯಿಟ್ಟ. ಕಲ್ಲಯ್ಯ ಕಿಟಕಿಯ ಕೆಳಗೆ ಬಂದು ನಿಂತಾಗ ಅವನು ಎದುರಿನ ರಸ್ತೆಯನ್ನೇ ನೋಡುತ್ತಿದ್ದ.

ಬಸ್ಸು ತಿರುವು ದಾಟುವವರೆಗೆ ನಾವು ನಿಂತಿದ್ದೆವು. ಆಮೇಲೆ ಕಲ್ಲಯ್ಯ ಮಗುವಿಗೆ ಕೈ ಚಾಚಿ, “ಮನೀಗೆ ಹೋಗೂಣು?” ಎಂದು ಹೆಂಡತಿಯನ್ನು ಕೇಳಿದ. ಒಲೆಯ ಮೇಲೆ ಅನ್ನಕ್ಕಿಟ್ಟು ಬಂದಿದ್ದೇನೆ, ನೀನು ನಿನ್ನೆಯಿಂದ ಉಂಡಿಲ್ಲ ಎಂದ.

ಶಾರದವ್ವ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಗುರುಶಾಂತವ್ವನ ಕಡೆ ತಿರುಗಿದಳು.

“ಅವ್ವಾರ, ಇವತ್ತ ನಿಮ್ಮ ಮನ್ಯಾಗ ಉಣ್ಣಾಕ ಬರ್ಲ್ಯಾ?”

“ಬಾ,” ಎಂದರು ಗುರುಶಾಂತವ್ವ.

ಅವರ ಮನೆಯಲ್ಲಿ ಅವರೊಬ್ಬರಿಗೆ ಸಾಕಾಗುವಷ್ಟೇ ಅಕ್ಕಿ ಇಡುತ್ತಾರೆಂದು ನನಗೆ ಗೊತ್ತಿತ್ತು. ಅವರು ನಿಧಾನಕ್ಕೆ ಬರಲಿ ಎಂದು ನಾನು ಮುಂದೆ ಹೋಗಿ ಅವರ ಒಲೆ ಹೊತ್ತಿಸಿ ಇನ್ನಷ್ಟು ಅಕ್ಕಿ ಇಟ್ಟೆ.